ನೆನಪಿನಲ್ಲಿ ಉಳಿಯದ ಡಾಕ್ಟ್ರು

ಹೃದಯದ ಡಾಕ್ಟರ ಮನೆಗೆ ಹಬ್ಬಕ್ಕೆ ಹಣ್ಣಿನ ಬುಟ್ಟಿ ಬರುತ್ತದೆ. ಹೆರಿಗೆ ಡಾಕ್ಟರ ಹೆಸರನ್ನು ಮಗುವಿಗೇ ಇಟ್ಟವರಿದ್ದಾರೆ. ತಲೆಗೆ ಪೆಟ್ಟು ಬಿದ್ದವರನ್ನು ಮತ್ತೆ ಸಂಸಾರಕ್ಕೆ ಅಣಿಗೊಳಿಸುವ ನನ್ನಂಥವನ ಪಾಡೇ ಬೇರೆ. ಪೆಟ್ಟಾದ ಮೇಲೆ ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ, ಮಿದುಳು ಹೊಸ ನೆನಪನ್ನು ಹಿಡಿದಿಡುವುದಿಲ್ಲ. ನಾವು ಬೆವರು ಸುರಿಸುವುದು ಆ ವಾರಗಳಲ್ಲೇ. ಒಬ್ಬನಿಗೇ ದಿನವೂ ಹೊಸದಾಗಿ "ನಾನು ನಿಮ್ಮ ಡಾಕ್ಟ್ರು" ಎಂದು ಪರಿಚಯ ಹೇಳಿಕೊಂಡೇ ನನ್ನ ನೌಕರಿ ಮುಗಿಯಿತು.

ಪರಿಚಯದ ನಂತರ ಪರೀಕ್ಷೆ: ಇವತ್ತು ಯಾವ ವಾರ, ಈಗ ಎಲ್ಲಿದ್ದೀರಿ? "ಮದುವೆ ಛತ್ರ" ಎಂದ ಒಬ್ಬ, ಊಟ ತಡವಾಯಿತೆಂದು ನನ್ನನ್ನೇ ಗದರಿದ್ದ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಕೊಟ್ಟ ಮಾಪನದಲ್ಲಿ ಪ್ರಜ್ಞೆಗೆ 3ರಿಂದ 15 ಅಂಕ. ಕಣ್ಣು ಬಿಡದೆ, ಮಿಸುಕದೆ ಮಲಗಿದವನಿಗೂ 3 ಗ್ಯಾರಂಟಿ. ಈ ಉದಾರತೆ ನಮ್ಮ ಗಣಿತದ ಮೇಷ್ಟ್ರಿಗಿರಲಿಲ್ಲ. ಆದರೆ 15 ಬಂದವನೂ ಮನೆಗೆ ಹೋಗಿ ಗ್ಯಾಸ್ ಆರಿಸುವುದನ್ನು ಮರೆಯಬಹುದು. ನಮಗೆ ಕೆಲಸ ಹೆಚ್ಚುವುದು ಅಲ್ಲಿಂದಾಚೆಗೇ.

ಮಿದುಳಿನ ಬಲಭಾಗಕ್ಕೆ ಏಟಾದ ಯಜಮಾನರೊಬ್ಬರಿಗೆ ಎಡಗಡೆಯ ಪ್ರಪಂಚವೇ ಇರಲಿಲ್ಲ. ಕಣ್ಣು ನೆಟ್ಟಗಿತ್ತು, ಗಮನ ಅತ್ತ ಹಾಯುತ್ತಿರಲಿಲ್ಲ. ತಟ್ಟೆಯ ಬಲಗಡೆಯದನ್ನು ಉಂಡು ಕೈತೊಳೆಯುವರು. ಎಡಗಡೆಯ ಪಲ್ಯ ಹಾಗೇ. "ನನ್ನ ಕೈಯಡುಗೆ ಇವರಿಗೆ ಯಾವತ್ತು ಹಿಡಿಸಿತ್ತು" ಎಂದು ಹೆಂಡತಿ ಕಣ್ಣೊರೆಸಿಕೊಂಡರು. ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. "ಪಲ್ಯ ಇದೆ ಅಂತ ಮೊದಲೇ ಹೇಳಬಾರದೇನೇ?" ಎಂದು ಅವರು ಕೈಹಾಕಿದರು.

ಪಠ್ಯಪುಸ್ತಕಗಳ ಮೇಲೆ ನನಗೊಂದು ಹಳೆಯ ಸಿಟ್ಟಿದೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್‌ನ ತಲೆಬುರುಡೆಯನ್ನು ಕಬ್ಬಿಣದ ಸಲಾಕೆ ತೂರಿಹೋಯಿತು. ಬದುಕಿದ, ಆದರೆ ಬಾಯಿ ಕೆಟ್ಟಿತು, ಗುಣ ಕೆಟ್ಟಿತು ಎಂದಿಷ್ಟು ಓದಿಸಿ ಪುಟ ತಿರುಗಿಸುತ್ತಾರೆ. ಆಮೇಲೆ ಅವನು ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ್ದನ್ನು ಹೇಳುವವರು ಕಡಿಮೆ. ನಿತ್ಯ ಅದೇ ಹಾದಿ, ಅದೇ ಲಗಾಮು. ಅದಕ್ಕಿಂತ ಒಳ್ಳೆಯ ಚಿಕಿತ್ಸೆಯನ್ನು ನಾನೂ ಬರೆದುಕೊಡಲಾರೆ. ಇನ್ನು ಬಾಯಿ ಕೆಟ್ಟದ್ದು ಸಾರೋಟಿನವನಿಗೆ ಒಂದು ಕೊರತೆಯೇ?

ಹೋದ ಅವರೆಕಾಯಿ ಕಾಲದಲ್ಲಿ ಗಾಂಧಿ ಬಜಾರಿನಲ್ಲಿ ಒಬ್ಬ ಹುಡುಗ ಕಂಡ. ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ತೊಡಿಸಿ, ತಾನು ಬರಿದಲೆಯಲ್ಲಿ ಬಿದ್ದವನು. ವಾರ್ಡಿನಲ್ಲಿ ಅವನಿಗೆ ಚಿಲ್ಲರೆ ಲೆಕ್ಕ ಮತ್ತೆ ಕಲಿಸಲು ನಾನೂ ಥೆರಪಿಸ್ಟೂ ಗಿರಾಕಿಗಳಾಗಿ ಚೌಕಾಸಿ ಮಾಡುತ್ತಿದ್ದೆವು. ಕೊಟ್ಟ ನೋಟನ್ನೇ ಪೂರ್ತಿ ವಾಪಸು ಕೊಡುತ್ತಿದ್ದ. ಈಗ ತಕ್ಕಡಿ ಹಿಡಿದಿದ್ದ, ನನ್ನ ಗುರುತು ಸಿಗಲಿಲ್ಲ. ಪಕ್ಕದಲ್ಲಿದ್ದ ತಾಯಿ, "ಅಯ್ಯೋ, ನಿನ್ನ ಡಾಕ್ಟ್ರು ಕಣೋ! ಹತ್ತು ರೂಪಾಯಿ ಬಿಡೋ" ಎಂದರು.

"ಡಾಕ್ಟ್ರಾದ್ರೆ ಕಮ್ಮಿಗೆ ಬರುತ್ತೇನಮ್ಮಾ? ಸೊಗಡಿನ ಕಾಯಿ ಸಾರ್, ಎಂಬತ್ತು. ಒಂದು ಪೈಸೆ ಇಳಿಯಲ್ಲ."

ನೂರರ ನೋಟಿಗೆ ಇಪ್ಪತ್ತು ಎಣಿಸಿ ಕೈಗಿಟ್ಟ. "ಇನ್ನೊಂದು ಕೆಜಿ ತೂಗಪ್ಪ" ಎಂದು ಮತ್ತೊಂದು ನೂರು ಚಾಚಿದೆ. ಮನೆಯಲ್ಲಿ ಅಷ್ಟು ಕಾಯಿ ಸುಲಿಯುವವರು ಯಾರೆಂಬ ಯೋಚನೆ ಬಂದದ್ದು ಆಟೋ ಹತ್ತಿದ ಮೇಲೆ.