ಒಂದೆಳೆ ಪಾಕ

1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ನಮ್ಮ ಅವಿನಾಶಿ ಇತ್ತಲೇ ಉಳಿಯಿತು. ಇಲ್ಲಿನ ನಮ್ಮಂಥ ದೇವಾಂಗ ನೇಕಾರರ ಮನೆಗಳಲ್ಲಿ ಮಾತು ಕನ್ನಡ, ಬೀದಿಯದು ತಮಿಳು. ಮಕ್ಕಳ ಕನ್ನಡಕ್ಕೆ ಅಡುಗೆಮನೆಯೇ ಮೊದಲ ಪಾಠಶಾಲೆ. ಆದುದರಿಂದಲೇ ದೀಪಾವಳಿಯ ಬಾದುಷಾವನ್ನು ನಾನು ಅಂಗಡಿಯಿಂದ ತರಿಸುವುದಿಲ್ಲ; ಮಗಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಮನೆಯಲ್ಲೇ ಮಾಡುತ್ತೇನೆ.

ಎರಡು ಬಟ್ಟಲು ಮೈದಾಹಿಟ್ಟಿಗೆ ಅರ್ಧ ಬಟ್ಟಲು ತುಪ್ಪ, ಕಾಲು ಬಟ್ಟಲು ಮೊಸರು, ಚಿಟಿಕೆ ಅಡುಗೆ ಸೋಡಾ. ಮೊಸರಿನ ಹುಳಿಯು ಸೋಡಾದೊಡನೆ ಕೂಡಿ ಹೊಮ್ಮಿಸುವ ಅನಿಲದಿಂದ ಹಿಟ್ಟು ಅರಳುವುದು. ಸ್ಕಾಟ್ಲೆಂಡಿನವರು ಮಜ್ಜಿಗೆ ಬೆರೆಸಿ ಸುಡುವ ಸ್ಕೋನ್ ಎಂಬ ಪುಟ್ಟ ರೊಟ್ಟಿ ಉಬ್ಬುವುದೂ ಹೀಗೆಯೇ. ಹೆಚ್ಚು ನಾದಿದರೆ ಹಿಟ್ಟು ಜಿಗುಟಾಗಿ ಪದರ ಬಿಡದು. ಉಂಡೆಯನ್ನು ತಟ್ಟಿ, ಒಳಗೂ ಬೇಯುವಂತೆ ನಡುವೆ ಹೆಬ್ಬೆರಳಿನಿಂದ ಗುಳಿ ಒತ್ತಿ, ಸಣ್ಣ ಉರಿಯಲ್ಲಿ ಕರಿದು, ಸಕ್ಕರೆಯ ಪಾಕದಲ್ಲಿ ಅದ್ದಬೇಕು. ಆರಿದ ಮೇಲೆ ಹೊಳಪು ತಾನಾಗಿ ಬರುವುದು.

ಕಳೆದ ಹಬ್ಬದಲ್ಲಿ ಪಾಕವನ್ನು ಎರಡು ಬೆರಳುಗಳ ನಡುವೆ ಎಳೆದು ತೋರಿಸಿದಾಗ ಮಗಳು, "ಇದೇನವ್ವಾ, ನೂಲಾ?" ಎಂದಳು. "ಎಳೆ" ಎಂದೆ. ಮಗ್ಗದ ನೂಲಿಗೂ ಪಾಕದ ಹದಕ್ಕೂ ನಮ್ಮಲ್ಲಿ ಅದೊಂದೇ ಮಾತು. ಮನೆಯ ಮಗ್ಗ ನಿಂತು ವರ್ಷಗಳಾದುವು. ಮಗಳು ಆ ಮಾತನ್ನು ಕಲಿತುದು ಪಾಕದಿಂದ.