ಅಭಯದಿಂದ ಹಕ್ಕಿನವರೆಗೆ: ಮಲೆನಾಡಿನ ಮೂರು ತಾಲ್ಲೂಕುಗಳಲ್ಲಿ ಒಂದು ಪಾಠ

ಕಲಾ ಪದವಿಯ ತರಗತಿಗಳಲ್ಲಿ ಮಾನವ ಹಕ್ಕುಗಳು ಇಂದು ಹೊಸ ವಿಷಯವಾಗಿ ಉಳಿದಿಲ್ಲ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಅದು ಕೆಲವೆಡೆ ರಾಜ್ಯಶಾಸ್ತ್ರದ ಸ್ವತಂತ್ರ ಪತ್ರಿಕೆಯಾಗಿ, ಕೆಲವೆಡೆ ಸಂವಿಧಾನವನ್ನು ಕುರಿತ ಪತ್ರಿಕೆಯ ಒಂದು ಘಟಕವಾಗಿ ಬಂದಿದೆ. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಸಾರ್ವತ್ರಿಕ ಘೋಷಣೆ, ಅದರ 30 ವಿಧಿಗಳು, ಭಾರತ ಸಂವಿಧಾನದ ಮೂರನೆಯ ಭಾಗ, 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಅದೇ ವರ್ಷ ಅಸ್ತಿತ್ವಕ್ಕೆ ಬಂದ ರಾಷ್ಟ್ರೀಯ ಆಯೋಗ, ಈ ಕ್ರಮದಲ್ಲಿ ಪಾಠ ಸಾಗುತ್ತದೆ. ಇಸವಿಗಳು ಕಂಠಪಾಠವಾಗುತ್ತವೆ, ಪರೀಕ್ಷೆ ಮುಗಿಯುತ್ತದೆ. ಆದರೆ ಇದೇ ಪಾಠ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳಲ್ಲಿ ನಡೆಯುವಾಗ ಪಠ್ಯಕ್ಕೂ ಬದುಕಿಗೂ ನಡುವಿನ ಅಂತರ ಎದ್ದು ಕಾಣುತ್ತದೆ. ಒಂದೇ ಬೆಂಚಿನ ಮೇಲೆ ಗೇಣಿದಾರರ ಮೊಮ್ಮಗ, ಒಡೆಯರ ಮನೆಯ ಮೊಮ್ಮಗಳು, ಮುಳುಗಡೆಯಿಂದ ಎದ್ದುಬಂದ ಕುಟುಂಬದ ಕುಡಿ ಒಟ್ಟಿಗೆ ಕುಳಿತಿರುತ್ತಾರೆ. ತಮ್ಮ ಮನೆಯ ಜಗುಲಿಯ ಮೇಲೆ ಕೇಳಿದ ಕಥೆಯೇ ಈ ಪತ್ರಿಕೆಯ ವಸ್ತುವೆಂಬುದು ಅವರಿಗೆ ಹೊಳೆಯುವುದು ವಿರಳ.

‘ಹಕ್ಕು’ ಎಂಬ ಪದ ಅರಬ್ಬೀ ಮೂಲದ್ದು. ಸತ್ಯ, ನ್ಯಾಯಬದ್ಧವಾದುದು ಎಂಬ ಅರ್ಥಛಾಯೆಗಳನ್ನು ಹೊತ್ತು ಕನ್ನಡಕ್ಕೆ ಬಂದದ್ದು. ಅದಕ್ಕೂ ಹಿಂದಿನ ಕನ್ನಡ ನಾಡಿನ ನೈತಿಕ ಪರಿಭಾಷೆಯಲ್ಲಿ ದುರ್ಬಲನ ರಕ್ಷಣೆಗೆ ಇದ್ದ ಮುಖ್ಯ ಪದಗಳು ಅಭಯ, ದಾನ, ಶರಣಾಗತ ರಕ್ಷಣೆ ಮುಂತಾದವು. ಹೊಸನಗರ ತಾಲ್ಲೂಕಿನ ಹುಂಚವನ್ನು ಕ್ಷೇತ್ರವಾಗಿ ಉಳ್ಳ ಜೈನ ಪರಂಪರೆ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ದಾನವೆಂದೇ ಎಣಿಸಿತು. ಈ ಭಾಷೆಯ ಹಿರಿಮೆ ದೊಡ್ಡದು. ಅದರ ಮಿತಿಯೂ ಸ್ಪಷ್ಟ: ದಾನದಲ್ಲಿ ಕೊಡುವವನು ಕರ್ತೃ, ಪಡೆಯುವವನು ಕೃತಜ್ಞ. ಹಕ್ಕಿನಲ್ಲಿ ಕೇಳುವವನೇ ಕರ್ತೃ.

ಈ ವ್ಯತ್ಯಾಸವನ್ನು ಅರಿಯಲು ಕೆಳದಿಯ ಚರಿತ್ರೆ ಒಳ್ಳೆಯ ನಿದರ್ಶನ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಆರಂಭಗೊಂಡು, ಇಂದಿನ ಹೊಸನಗರ ತಾಲ್ಲೂಕಿನ ಬಿದನೂರನ್ನು ರಾಜಧಾನಿಯಾಗಿ ಮಾಡಿಕೊಂಡ ನಾಯಕ ಮನೆತನದ ರಾಣಿ ಚೆನ್ನಮ್ಮ, 1689ರಲ್ಲಿ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು. ಅದರ ಫಲವಾಗಿ ಮೊಗಲ್ ಸೈನ್ಯವನ್ನು ಎದುರಿಸಬೇಕಾಯಿತು. ಸಾರ್ವತ್ರಿಕ ಘೋಷಣೆಯ 14ನೆಯ ವಿಧಿ ಹಿಂಸೆಗೆ ಒಳಗಾದವರು ಅನ್ಯದೇಶದಲ್ಲಿ ಆಶ್ರಯ ಕೋರುವುದನ್ನು ಹಕ್ಕೆಂದು ಹೇಳುತ್ತದೆ. ಚೆನ್ನಮ್ಮನ ಕಾರ್ಯ ರಾಜಧರ್ಮ. 14ನೆಯ ವಿಧಿಯದು ಆಶ್ರಯ ಬೇಡುವವನ ಅಧಿಕಾರ. ಬಂದವನು ರಾಜಕುಮಾರನಾಗಿರದೆ ಅನಾಮಧೇಯ ಒಕ್ಕಲಿಗನಾಗಿದ್ದರೆ ಚರಿತ್ರೆ ಅದನ್ನು ದಾಖಲಿಸುತ್ತಿತ್ತೇ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದಾಗ, ಅಭಯದಿಂದ ಹಕ್ಕಿಗೆ ಇರುವ ದೂರ ತಾನಾಗಿಯೇ ತಿಳಿಯುತ್ತದೆ.

ಆ ದೂರವನ್ನು ಅನಾಮಧೇಯರೇ ಕ್ರಮಿಸಿದ ಘಟನೆ 1951ರ ಕಾಗೋಡು ಸತ್ಯಾಗ್ರಹ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಬಹುಪಾಲು ದೀವರ ಸಮುದಾಯಕ್ಕೆ ಸೇರಿದ ಗೇಣಿದಾರರು ಆ ವರ್ಷದ ಏಪ್ರಿಲ್‌ನಲ್ಲಿ ಒಡೆಯರ ಗದ್ದೆಗೆ ಇಳಿದು ಬಂಧನಕ್ಕೆ ಒಳಗಾದರು. ಜಗಳದ ಮೂಲದಲ್ಲಿದ್ದದ್ದು ಒಂದು ಕೊಳಗ. ಗೇಣಿಯ ಭತ್ತವನ್ನು ಅಳೆಯಲು ವಾಡಿಕೆಗಿಂತ ದೊಡ್ಡ ಕೊಳಗವನ್ನು ಬಳಸಲಾಗುತ್ತಿತ್ತೆಂಬುದು ರೈತರ ದೂರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘಟನೆ ಹೋರಾಟಕ್ಕೆ ನೆಲೆಯಾಯಿತು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಅದರ ರಾಜಕೀಯ ದನಿಯಾದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧಿತರಾದರು. 1952ರ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ಶಾಸನಸಭೆಗೆ ಕಳುಹಿಸಿತು. ದೊಡ್ಡ ಕೊಳಗವನ್ನು ಕಿರಿದು ಮಾಡಿರೆಂದು ಕೈಮುಗಿದು ಕೇಳಿದ್ದರೆ ಅದು ಬಿನ್ನಹವಾಗುತ್ತಿತ್ತು. ಅಳತೆ ಸರಿಯಿರಬೇಕೆಂದು ಪಟ್ಟುಹಿಡಿದದ್ದರಿಂದ ಅದು ಹಕ್ಕಾಯಿತು.

ಅದೇ ಜೂನ್ ತಿಂಗಳಲ್ಲಿ ದೆಹಲಿಯಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿ ಅಂಗೀಕಾರವಾಯಿತು; ಭೂಸುಧಾರಣೆಯ ಕಾಯ್ದೆಗಳನ್ನು ರಕ್ಷಿಸುವ 31ಎ, 31ಬಿ ವಿಧಿಗಳು ಮತ್ತು ಒಂಬತ್ತನೆಯ ಅನುಸೂಚಿ ಸೇರಿದವು. ಆಸ್ತಿ ಆಗ ಮೂಲಭೂತ ಹಕ್ಕಾಗಿತ್ತು. 1978ರ 44ನೆಯ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಈ ನಡುವೆ ದೇವರಾಜ ಅರಸರ ಸರ್ಕಾರ ತಿದ್ದಿದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟ ಗೇಣಿದಾರನನ್ನು ಭೂನ್ಯಾಯಮಂಡಳಿಯ ಮುಂದೆ ನಿಲ್ಲಿಸಿತು. ಉಳುವವನು ಒಡೆಯನಾದ. ಅದೇ ಹೊತ್ತಿಗೆ ತುಂಡು ಗದ್ದೆಯ ಗೇಣಿಯನ್ನೇ ನಂಬಿದ್ದ ವಿಧವೆಯರು, ಸಣ್ಣ ಹಿಡುವಳಿದಾರರು ಆಧಾರ ಕಳೆದುಕೊಂಡರು. ಈ ಎರಡನೆಯ ಸತ್ಯವನ್ನು ಮುಚ್ಚಿಟ್ಟು ಮೊದಲನೆಯದನ್ನು ಕಲಿಸಿದರೆ ಪಾಠ ಘೋಷಣೆಯಾಗುತ್ತದೆ. ಮೊದಲನೆಯದನ್ನು ಮರೆತು ಎರಡನೆಯದನ್ನೇ ಹಾಡಿದರೆ ಅದು ಗತವೈಭವದ ಕೊರಗಾಗುತ್ತದೆ. ಒಬ್ಬರ ಹಕ್ಕು ಇನ್ನೊಬ್ಬರ ಹಕ್ಕನ್ನು ತಾಕುವ ಸ್ಥಳದಲ್ಲಿ ನಿಂತು ತೂಗಿ ನೋಡುವುದೇ ಈ ಅಧ್ಯಯನದ ನಿಜವಾದ ಶಿಸ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ವಿಶೇಷವಾದ ಅನುಕೂಲವಿದೆ. ತೀರ್ಥಹಳ್ಳಿ ತಾಲ್ಲೂಕಿನವರಾದ ಯು.ಆರ್. ಅನಂತಮೂರ್ತಿಯವರ ‘ಭಾರತೀಪುರ’ದಲ್ಲಿ ದೇವಾಲಯ ಪ್ರವೇಶಕ್ಕೆ ಹೊಲೆಯರನ್ನು ಸಿದ್ಧಗೊಳಿಸಲು ಹೊರಡುವವನು ಊರಿನ ಶ್ರೀಮಂತ ಜಗನ್ನಾಥ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೆಯ ವಿಧಿಯ ಜೊತೆಗಿಟ್ಟು ಕಾದಂಬರಿಯನ್ನು ಓದಿದರೆ, ಮೇಲಿನವನು ದಯಪಾಲಿಸುವ ಬಿಡುಗಡೆ ಹಕ್ಕಾಗಬಲ್ಲುದೇ ಎಂಬ ತೊಡಕು ಎದುರಾಗುತ್ತದೆ. ಕಾಗೋಡು ಇತಿಹಾಸವಾಗಿ ಕೊಟ್ಟ ಉತ್ತರವನ್ನು ‘ಭಾರತೀಪುರ’ ಪ್ರಶ್ನೆಯಾಗಿ ಮರಳಿಸುತ್ತದೆ.

ಮೂರು ತಾಲ್ಲೂಕುಗಳನ್ನೂ ಬೆಸೆಯುವ ಶರಾವತಿಯದು ಇನ್ನೂ ಮುಗಿಯದ ಅಧ್ಯಾಯ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅದು ಅಣೆಕಟ್ಟಿಗೆ ತಡೆಗೊಳ್ಳುತ್ತದೆ. 1964ರಲ್ಲಿ ಸಿದ್ಧವಾದ ಆ ಜಲಾಶಯ ನಾಡಿಗೆ ಬೆಳಕು ನೀಡಿತು. ಊರು, ಗದ್ದೆ, ತೋಟಗಳನ್ನು ನುಂಗಿತು. ಶರಾವತಿ ಯೋಜನಾ ಪ್ರದೇಶದಲ್ಲಿ ಸರ್ಕಾರಿ ನೌಕರಿ ಮಾಡಿದ್ದ ನಾ. ಡಿಸೋಜ ಆ ಸಂಕಟವನ್ನು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಬರೆದರು, ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಚಲನಚಿತ್ರವಾಗಿಸಿದರು. ಹಿನ್ನೀರು ಬೇರ್ಪಡಿಸಿದ ತುಮರಿ ಭಾಗದ ಜನ ದಶಕಗಳ ಕಾಲ ಲಾಂಚನ್ನು ನೆಚ್ಚಿ ಸಾಗರಕ್ಕೆ ಬಂದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಸಂಚಾರ ಸ್ವಾತಂತ್ರ್ಯದ ವಿಧಿಯನ್ನು ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಸೇತುವೆ ಬಂದರೂ ಭೂಮಿಯ ಪತ್ರ ಎಲ್ಲರಿಗೂ ಬಂದಿಲ್ಲ. ಸಂತ್ರಸ್ತರಲ್ಲಿ ಅನೇಕರು ನೆಲೆನಿಂತದ್ದು ಕಾಗದದಲ್ಲಿ ಅರಣ್ಯವಾಗಿಯೇ ಉಳಿದ ಜಾಗದಲ್ಲಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅಂಥ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಕೊಡಲು ಕೇಂದ್ರದ ಪೂರ್ವಾನುಮತಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಾದರೂ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳಿಂದ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಅಪೇಕ್ಷಿಸುತ್ತದೆ. ಲೆಕ್ಕ ಸರಳ: 1930ರಿಂದ ಅಲ್ಲಿದ್ದಿರಬೇಕು. 1960ರ ಸುಮಾರಿಗೆ ಮುಳುಗುವ ಊರಿನಿಂದ ಎತ್ತಿನಗಾಡಿಯಲ್ಲೋ ಲಾರಿಯಲ್ಲೋ ಬಂದಿಳಿದವರು ಹೆಚ್ಚೆಂದರೆ 45 ವರ್ಷಗಳ ಸಾಕ್ಷ್ಯ ಕೊಟ್ಟಾರು. ಪ್ರಭುತ್ವದ ಯೋಜನೆಯೇ ಎಬ್ಬಿಸಿದವರಿಂದ ಪ್ರಭುತ್ವದ ಕಾಯ್ದೆಯೇ ಕೇಳುವ ಈ ಪುರಾವೆ ಅವರ ಪಾಲಿಗೆ ಅಸಾಧ್ಯ. ಅರಣ್ಯದ ಉಳಿವೂ ಮಲೆನಾಡಿನ ಉಳಿವೇ ಆದ್ದರಿಂದ ಪರಿಹಾರ ಸುಲಭವಲ್ಲ. ಸುಲಭವಲ್ಲದ ಕಾರಣಕ್ಕೇ ಅದು ಅಧ್ಯಯನಕ್ಕೆ ಯೋಗ್ಯ.

ಪದವಿಯ ಮೂರು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ಮನೆಯ ಪೆಟ್ಟಿಗೆಯಲ್ಲಿರುವ ಭೂನ್ಯಾಯಮಂಡಳಿಯ ಆದೇಶವನ್ನೋ ಮುಳುಗಡೆಯ ಪರಿಹಾರದ ಕಾಗದವನ್ನೋ ತೆಗೆದು ಓದಿ, ಅದರ ಭಾಷೆಯನ್ನು ಬಿಡಿಸಿ, ಅಜ್ಜಿಯ ಮಾತಿನೊಂದಿಗೆ ಹೋಲಿಸಿ ಹತ್ತು ಪುಟ ಬರೆದರೆ, ಅದು ಯಾವ ಮಾರ್ಗದರ್ಶಿ ಪುಸ್ತಕವೂ ಕೊಡದ ವಿದ್ಯೆ. ಆ ಅಜ್ಜಿಯರ ಪೀಳಿಗೆ ಈಗ ಎಂಬತ್ತರ ಆಚೆಗಿದೆ. ಕಾಗೋಡಿನ ಗದ್ದೆಗೆ ಇಳಿದವರಲ್ಲಿ ಬಹುಪಾಲು ಜನ ಈಗಾಗಲೇ ಇಲ್ಲ. ಸಾರ್ವತ್ರಿಕ ಘೋಷಣೆಯ 30 ವಿಧಿಗಳು ಮುಂದಿನ ವರ್ಷವೂ ಗ್ರಂಥಾಲಯದಲ್ಲಿ ದೊರೆಯುತ್ತವೆ. ಈ ಮಾತುಗಳು ದೊರೆಯಲಾರವು.