ದೋಣಿಯ ಹೊಟ್ಟೆಯಲ್ಲೊಂದು ಕೊಳ

ಲಕ್ಷದ್ವೀಪದ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿ. ತೀರ ಕೆಳಗೆ, ಉಳಿದ ದ್ವೀಪಗಳೊಡನೆ ಮುನಿಸಿಕೊಂಡು ದೂರ ಕುಳಿತಂತಿರುವ ಚುಕ್ಕೆಯೇ ಮಿನಿಕಾಯ್. ಅಮಿನಿ, ಕಿಲ್ತಾನ್‌ನಂಥ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ಮಿನಿಕಾಯ್ ಹಾಗಲ್ಲ. ಅದರ ನಂಟು ಮಾಲ್ಡೀವ್ಸ್ ಕಡೆಗೆ. ಇಲ್ಲಿಯವರ ಮಾತು ಮಹಲ್, ಬರೆಯುವುದು ಬಲದಿಂದ ಎಡಕ್ಕೆ. ಹೋಗಬೇಕೆಂದರೆ ಮೊದಲು ಪರವಾನಗಿ ಪಡೆಯಬೇಕು, ಆಮೇಲೆ ಕೊಚ್ಚಿಯಿಂದ ಹಡಗು ಹತ್ತಬೇಕು.

ಬಂದವರೆಲ್ಲ 1885ರ ದೀಪಸ್ತಂಭ ಹತ್ತಿ, ಹವಳದ ದಂಡೆಯೊಳಗಿನ ತಿಳಿನೀಲಿ ಲಗೂನನ್ನು ಕಣ್ತುಂಬಿಕೊಳ್ಳುತ್ತಾರೆ. ನೋಡಬೇಕಾದದ್ದೇ. ಆದರೆ ಈ ಊರಿನ ಅನ್ನ ಹುಟ್ಟುವುದು ಟ್ಯೂನಾ ದೋಣಿಗಳಲ್ಲಿ. ಅವುಗಳ ಒಳಗೆ ಇಣುಕದೆ ಬಂದರೆ ಮಿನಿಕಾಯ್ ನೋಡಿದಂತಾಗದು.

ಇಲ್ಲಿ ಟ್ಯೂನಾ ಹಿಡಿಯುವುದು ಬಲೆಯಿಂದಲ್ಲ, ಉದ್ದನೆಯ ಕೋಲಿಗೆ ಕಟ್ಟಿದ ಗಾಳದಿಂದ. ಗಾಳಕ್ಕೆ ಎರೆ ಚುಚ್ಚುವುದೂ ಇಲ್ಲ! ಮೀನಿನ ಹಿಂಡು ಕಂಡೊಡನೆ ಒಬ್ಬ ಬೆರಳುದ್ದದ ಜೀವಂತ ಮೀನುಗಳನ್ನು ನೀರಿಗೆ ಎರಚುತ್ತಾನೆ, ಉಳಿದವರು ನೀರು ಚಿಮುಕಿಸುತ್ತಾರೆ. ಪುಟ್ಟ ಮೀನುಗಳ ದೊಡ್ಡ ಗುಂಪೇ ಮೇಲೆದ್ದಿದೆ ಎಂದು ಟ್ಯೂನಾ ನುಗ್ಗಿ ಬಂದು, ಹೊಳೆಯುವ ಬರಿಯ ಗಾಳವನ್ನೂ ಕಚ್ಚುತ್ತದೆ. ಗಾಳಕ್ಕೆ ಹಿಮ್ಮುಳ್ಳಿಲ್ಲ, ಆದ್ದರಿಂದ ಎತ್ತಿ ಬೀಸಿದರೆ ಮೀನು ತಾನೇ ಕಳಚಿ ದೋಣಿಯೊಳಕ್ಕೆ ಬೀಳುತ್ತದೆ.

ಎರೆಮೀನು ಸತ್ತಿದ್ದರೆ ಈ ಆಟ ನಡೆಯದು. ಸತ್ತದ್ದು ಮುಳುಗಿಹೋಗುತ್ತದೆ. ಚುರುಕಾದದ್ದಾದರೆ ನೆರಳು ಹುಡುಕುತ್ತ ದೋಣಿಯ ಬಳಿಗೇ ಓಡಿಬರುತ್ತದೆ, ಬೆನ್ನಟ್ಟಿದ ಟ್ಯೂನಾವನ್ನೂ ಕರೆತರುತ್ತದೆ. ಆದ್ದರಿಂದ ಮುಂಜಾನೆ ಲಗೂನಿನಲ್ಲಿ ಹಿಡಿದ ಆ ಪುಟ್ಟ ಜೀವಗಳನ್ನು ಹಿಂಡು ಸಿಗುವವರೆಗೆ ಉಳಿಸಿಕೊಳ್ಳುವುದೇ ನಿಜವಾದ ಕಸುಬು.

ಇದಕ್ಕಾಗಿ ಸಾಂಪ್ರದಾಯಿಕ ದೋಣಿಯ ತಳದಲ್ಲೇ ತೂತುಗಳಿರುತ್ತವೆ. ಗಾಬರಿಯಾಗಬೇಡಿ, ಬೇಡವೆನಿಸಿದಾಗ ಮುಚ್ಚಲು ಬಿರಡೆಗಳೂ ಇವೆ. ತೂತಿನಿಂದ ಹೊಸ ನೀರು ಎರೆಮೀನಿನ ತೊಟ್ಟಿಗೆ ಏರುತ್ತದೆ, ಹಳೆಯ ನೀರನ್ನು ಹೊರಹಾಕುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಕಾರಣ ಹೊಳೆದಿರಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಮೀನು ಕಿಕ್ಕಿರಿದಷ್ಟೂ ಉಸಿರಿಗೆ ಪೈಪೋಟಿ. ಸಾಲದ್ದಕ್ಕೆ ಮೀನು ಹೊರಬಿಡುವ ಅಮೋನಿಯ ಅದರ ಕಿವಿರನ್ನೇ ಸುಡುತ್ತದೆ. ಇನ್ನು ಒರಟು ಕೈ ಅಥವಾ ಒಣ ಬಲೆ ತಾಗಿದರೆ ಹುರುಪೆ ಉದುರುತ್ತದೆ. ಬೂತಾಯಿಯ ದೂರದ ನೆಂಟರಾದ ಬೆಳ್ಳಿ ಬಣ್ಣದ ಎರೆಮೀನುಗಳಂತೂ ಬಹಳ ನಾಜೂಕು. ಒಂದು ಸತ್ತು ಕೊಳೆತರೂ ನೀರು ಕೆಡುತ್ತದೆ, ಕೂಡಲೇ ತೆಗೆಯಬೇಕು.

ಕ್ಯಾಲಿಫೋರ್ನಿಯಾದ ಲಾ ಹೋಯಾ ಕಡಲಲ್ಲಿ ಕಯಾಕ್ ಎಂಬ ಕಿರುದೋಣಿಯಲ್ಲಿ ಒಬ್ಬರೇ ಕುಳಿತು ಮೀನು ಹಿಡಿಯುವವರದೂ ಇದೇ ಚಿಂತೆ. ಅವರು ಬೆನ್ನ ಹಿಂದೆ ತೊಟ್ಟಿಯಿಟ್ಟು ಬ್ಯಾಟರಿ ಪಂಪಿನಿಂದ ಕಡಲ ನೀರು ಹರಿಸುತ್ತಾರೆ. ಬ್ಯಾಟರಿ ಮುಗಿದರೆ ಎರೆಯೂ ಮುಗಿಯಿತು. ಮಿನಿಕಾಯ್‌ನ ತೂತಿಗೆ ಆ ಭಯವಿಲ್ಲ.

ಇವರಿಗಿರುವ ಭಯವೇ ಬೇರೆ. ಎರೆಮೀನುಗಳಲ್ಲಿ ಕೆಲವು ಹವಳದ ಕೊಂಬೆಗಳ ನಡುವೆಯೇ ಬಾಳುವಂಥವು. 1998, 2010 ಮತ್ತು 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಸತ್ತ ಹವಳ ಮುರಿದು ಪುಡಿಯಾದರೆ ಆ ಮೀನಿಗೆ ಮನೆಯಿಲ್ಲ. ದೋಣಿಯೊಳಗಿನ ನೀರನ್ನು ಬದಲಿಸುವುದು ಇವರಿಗೆ ಗೊತ್ತು, ಲಗೂನಿನ ನೀರನ್ನು ತಂಪಾಗಿಸುವವರು ಯಾರು? ಎರೆಮೀನು ಸಿಗದ ಬೆಳಿಗ್ಗೆ, ಕೋಲು, ಗಾಳ, ಡೀಸೆಲ್ ಎಲ್ಲ ಇದ್ದರೂ ದೋಣಿ ಟ್ಯೂನಾ ಹುಡುಕಿ ಹೊರಡುವುದಿಲ್ಲ.